ಹಳದಿ ಡ್ರಮ್ಮಿನ ತಿರುವು

ಅರುಂಧತಿಗೂ ಲಿಡ್ವಿನ್‌ಗೂ ಮೊದಲ ಮಾತು ನಡೆದದ್ದು ಬೈಗುಳದಲ್ಲಿ. ಅದೂ ಅವಳು ನೀರಿನ ಮೇಲೆ, ಜೋಲಿಯಲ್ಲಿ ಕೂಸಿನ ಹಾಗೆ ತೂಗಾಡುತ್ತಿದ್ದಾಗ.

ಮೆಲ್ಬರ್ನಿನ ಪಶ್ಚಿಮ ಅಂಚಿನಲ್ಲಿ, ಪಾಯಿಂಟ್ ಕುಕ್‌ನಿಂದ ಕಾರು ಹತ್ತಿದರೆ ಒಂದೆರಡು ಹಾಡು ಮುಗಿಯುವಷ್ಟರಲ್ಲಿ ಸಿಗುವ, ಸಮುದ್ರದೊಳಕ್ಕೆ ಚಾಚಿದ ಸಣ್ಣ ಜೆಟ್ಟಿ ಅದು. ಶನಿವಾರ ಬಂತೆಂದರೆ ಅಲ್ಲಿ ಸೀಗಲ್ ಸೇಲಿಂಗ್ ಎಂಬ ಚಾರಿಟಿಯವರು ಅಂಗವಿಕಲರಿಗೆ ಹಾಯಿದೋಣಿ ನಡೆಸುವುದನ್ನು ಕಲಿಸುತ್ತಿದ್ದರು. ಅದರ ಯಜಮಾನಿಕೆ ಅರುಂಧತಿಯದು. ರಾಣೆಬೆನ್ನೂರಿನಿಂದ ಓದಲು ಬಂದು, ಐಟಿ ಕೆಲಸ ಹಿಡಿದು, ಅಲ್ಲೇ ನೆಲೆಸಲು ಪಿಆರ್ ಸಿಕ್ಕ ಖುಷಿ ಇನ್ನೂ ಹಸಿಯಾಗಿರುವಾಗಲೇ ಫ್ರೀವೇಯಲ್ಲಿ ಕಾರು ಮಗುಚಿ ಕುತ್ತಿಗೆ ಮುರಿದುಕೊಂಡವಳು. ಕಾಲು ಎರಡೂ ಹೋದವು. ಎಡಗೈ ಹೆಸರಿಗೆ ಮಾತ್ರ ಉಳಿಯಿತು. ಬಲಗೈಯಲ್ಲಿ ಒಂದು ನಿಂಬೆಹಣ್ಣು ಹಿಡಿಯುವಷ್ಟು ಬಲ ನಿಂತಿತು. ನಾಲಿಗೆಯ ಬಲಕ್ಕೆ ಮಾತ್ರ ಏನೂ ಆಗಿರಲಿಲ್ಲ.

ವೀಲ್‌ಚೇರಿನಿಂದ ದೋಣಿಗೆ ಜನರನ್ನು ಇಳಿಸಲು ಜೆಟ್ಟಿಯ ತುದಿಯಲ್ಲಿ ಒಂದು ಪುಟ್ಟ ಕ್ರೇನು, ಅದಕ್ಕೊಂದು ಬಟ್ಟೆಯ ಜೋಲಿ. ಅಂದು ಕ್ರೇನಿನ ಹತ್ತಿರ ನಿಂತಿದ್ದವನು ಹೊಸ ವಾಲಂಟಿಯರ್. ಹೇಳದೆ ಕೇಳದೆ ಅವಳ ತೋಳಿನಡಿ ಕೈ ಹಾಕಿ, ಜೋಲಿಗೆ ಗಂಟು ಬಿಗಿದು, ಸರ್ರನೆ ಮೇಲಕ್ಕೆತ್ತಿಬಿಟ್ಟ.

"ಅವ್ವಾ, ಈ ಮನಿಶ್ಯಾಗ ಜ್ವಾಳದ ಚೀಲ ಎತ್ತಿ ರೂಢಿ ಐತಿ ನೋಡು," ಎಂದು ಅರುಂಧತಿ ಗಾಳಿಯಲ್ಲಿ ತೂಗುತ್ತಲೇ ಕೂಗಿದಳು. ಜೆಟ್ಟಿಯ ಮೇಲೆ ಬುತ್ತಿ ಇಟ್ಟುಕೊಂಡು ಕುಳಿತಿದ್ದ ತಾಯಿ ದ್ಯಾಮವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

"ಜೋಳ ಅಲ್ಲ ಮಾರಾಯ್ರೇ, ಮೀನಿನ ಬುಟ್ಟಿ," ಎಂದ ಆ ಮನುಷ್ಯ, ಕ್ರೇನಿನ ಹಿಡಿ ಬಿಡದೆ. "ನಮ್ಮದು ಉಳ್ಳಾಲ. ಲಿಡ್ವಿನ್ ಅಂತ."

ಇವನಿಗೆ ಕನ್ನಡ ಬರುತ್ತದೆಂದು ಎಣಿಸಿರದ ಅರುಂಧತಿಯ ಮುಖ ಕೆಂಪಾಯಿತು. ಆದರೆ ಸೋಲುವ ಪೈಕಿ ಅಲ್ಲ ಅವಳು.

"ಉಳ್ಳಾಲದವ್ರ, ಇಲ್ಲಿ ಒಂದ ರೂಲು ಐತಿ. ನನ್ನ ಕುರ್ಚಿ ಆಗ್ಲಿ, ನನ್ನ ಮೈ ಆಗ್ಲಿ, ಮುಟ್ಟೂ ಮೊದಲ ಕೇಳಬೇಕು. ಮೀನಿನ ಬುಟ್ಟಿ ಮಾತಾಡೂದಿಲ್ಲ, ನಾ ಮಾತಾಡ್ತೀನಿ."

"ಅದು ಗೊತ್ತಾಯ್ತು," ಎಂದ ಅವನು. ಅವಳನ್ನು ಮೆಲ್ಲಗೆ ದೋಣಿಯಲ್ಲಿ ಇಳಿಸಿ, ಜೋಲಿ ಬಿಚ್ಚುವ ಮುನ್ನ ಬಗ್ಗಿ ಅವಳ ಕಣ್ಣು ನೋಡಿದ. "ಮುಟ್ಬಹುದಾ?"

ಹಾಗೆ ಕೇಳಿದವರು ಆ ಜೆಟ್ಟಿಯಲ್ಲಿ ಬಹಳ ಜನ. ಕೇಳುವಾಗ ಕಿವಿಯವರೆಗೆ ಕೆಂಪಾದವನು ಇವನೊಬ್ಬನೇ.

ಲಿಡ್ವಿನ್ ಡ್ಯಾಂಡಿನಾಂಗ್‌ನ ಒಂದು ವೇರ್‌ಹೌಸಿನಲ್ಲಿ ಎಲೆಕ್ಟ್ರಿಷಿಯನ್. ದೋಣಿಯ ವೈರು, ಮೋಟರು, ಬ್ಯಾಟರಿ ಎಲ್ಲ ಕ್ರಮೇಣ ಅವನ ಪಾಲಿಗೆ ಬಂದವು. ಅರುಂಧತಿಯಂಥ ಕೈಬಲ ಇಲ್ಲದವರ ದೋಣಿಯಲ್ಲಿ ಹಗ್ಗ ಎಳೆಯುವುದು ಮೋಟರು. ಓಡಿಸುವವರು ಸೀಟಿನ ಪಕ್ಕದ ಗಿಡ್ಡ ಕೋಲನ್ನು ಬೆರಳಿನಿಂದ ಇತ್ತ ತಳ್ಳಿದರೆ ದೋಣಿ ಇತ್ತ, ಅತ್ತ ತಳ್ಳಿದರೆ ಅತ್ತ. ಆ ಕೋಲಿನ ತುದಿಗೆ ಅವಳ ಹಿಡಿಗೆ ಸರಿಯಾಗಿ ಒಂದು ರಬ್ಬರ್ ಚೆಂಡು ಕೂರಿಸಲು ಅವನು ತಿಂಗಳುಗಟ್ಟಲೆ ಅಳತೆ ತೆಗೆದ. ಪ್ರತಿ ಅಳತೆಗೂ ಒಂದು "ಮುಟ್ಬಹುದಾ?"

"ಅಷ್ಟ ಸಲ ಅಳತಿ ತಗೊಂಡ್ರ ನಮ್ಮೂರಾಗ ಟೇಲರ್ ಪೂರಾ ಜಂಪರ ಹೊಲದು ಕೊಡ್ತಿದ್ದ," ಎಂದಳು ಅರುಂಧತಿ.

"ನಾನು ನಿಧಾನದ ಟೇಲರ್," ಎಂದ ಲಿಡ್ವಿನ್. ಅವಳ ಹಣೆಯ ಮೇಲೆ ಗಾಳಿಗೆ ಒಂದು ಕೂದಲೆಳೆ ಹಾರಿ ಕಣ್ಣಿಗೆ ಬಿದ್ದಿತ್ತು. ಅವನ ಕೈ ಅರ್ಧ ಎದ್ದು ನಿಂತಿತು. ಈ ಸಲ ಬಾಯಲ್ಲಿ ಕೇಳಲಿಲ್ಲ, ಹುಬ್ಬು ಏರಿಸಿ ಕೇಳಿದ. ಅವಳು ಕಣ್ಣು ಮುಚ್ಚಿ ಹೂಂ ಎಂದಳು. ಕೂದಲು ಕಿವಿಯ ಹಿಂದೆ ಹೋಯಿತು. ದ್ಯಾಮವ್ವ ಸುಮ್ಮನೆ ಸಮುದ್ರದ ಕಡೆ ತಿರುಗಿ, ಇಲ್ಲದ ಹಡಗನ್ನು ಹುಡುಕತೊಡಗಿದಳು.

ದಡದಿಂದ ಒಂದಷ್ಟು ದೂರದಲ್ಲಿ ಲಂಗರು ಹಾಕಿದ ಒಂದು ಹಳದಿ ಡ್ರಮ್ಮು ತೇಲುತ್ತಿತ್ತು. ಜೊತೆಗಾರರಿಲ್ಲದೆ ಒಬ್ಬರೇ ಹೋಗಿ ಆ ಡ್ರಮ್ಮು ಸುತ್ತಿ ಬಂದವರು ಜೆಟ್ಟಿಯ ಗಂಟೆ ಬಾರಿಸಬೇಕು, ಅವರ ಹೆಸರಿನ ತಗಡಿನ ಪಟ್ಟಿಯನ್ನು ಕ್ಲಬ್ಬಿನ ಗೋಡೆಯ ಹಲಗೆಗೆ ಸ್ಕ್ರೂ ಹಾಕಿ ಕೂರಿಸಬೇಕು. ಅದು ಸೀಗಲ್‌ನ ಪದ್ಧತಿ. ಎರಡು ಸಾವಿರದ ಆರರ ಬೇಸಿಗೆಯಲ್ಲಿ ಹಲಗೆ ಇನ್ನೂ ಬರಿದಾಗಿತ್ತು.

ಆ ಬೇಸಿಗೆಯ ಒಂದು ಶನಿವಾರ ಅರುಂಧತಿ ಒಬ್ಬಳೇ ಹೊರಟಳು.

ಡ್ರಮ್ಮಿನ ಹತ್ತಿರ ಗಾಳಿ ತಟ್ಟನೆ ದಿಕ್ಕು ಬದಲಿಸಿತು. ಮುಂದೆ ಬಂಡೆಗಳ ಸಾಲು ಕರ್ರಗೆ ಕಾಣಿಸಿತು. ತಿರುಗಬೇಕು ಎಂದುಕೊಂಡಳು. ಕೋಲಿಗೆ ಬೆರಳು ತಾಗಿಸಿದಳು. ಅಷ್ಟರಲ್ಲಿ ದೋಣಿ ತಿರುಗಿತ್ತು! ಅವಳ ಮನಸ್ಸನ್ನು ಓದಿಕೊಂಡಂತೆ, ಬೆರಳು ಪೂರಾ ತಳ್ಳುವ ಮುನ್ನವೇ, ಎಣ್ಣೆ ಸವರಿದಷ್ಟು ನುಣ್ಣಗೆ. ಅಪಘಾತವಾದ ಮೇಲೆ ಮೊದಲ ಸಲ ಅವಳ ಮೈ ಅವಳ ಮಾತು ಕೇಳಿತ್ತು. ಅರುಂಧತಿ ನಡುಕೊಲ್ಲಿಯಲ್ಲಿ ಒಬ್ಬಳೇ ಗಟ್ಟಿಯಾಗಿ ಅತ್ತಳು, ಅತ್ತುಕೊಂಡೇ ನಕ್ಕಳು.

ಮರಳಿ ಬಂದಾಗ ಜೆಟ್ಟಿಯ ಮೇಲಿದ್ದವರೆಲ್ಲ ಅವಳತ್ತ ಕೈ ಚಾಚಿದ್ದರು. ಲಿಡ್ವಿನ್ ಒಬ್ಬ ಮಾತ್ರ ಎರಡೂ ಕೈಯನ್ನು ಜಾಕೆಟ್ಟಿನ ಜೇಬಿನಲ್ಲಿಟ್ಟುಕೊಂಡು ನಿಂತಿದ್ದ. ಅವಳಿಗೆ ಆ ಜೇಬಿನ ಮೇಲೆ ಪ್ರೀತಿ ಉಕ್ಕಿತು. ಲೋಕದಲ್ಲಿ ಕೈಬಿಟ್ಟವರನ್ನು ಬೈಯುತ್ತಾರೆ. ಡಾಕ್ಟರು, ನರ್ಸು, ಅವ್ವ, ಗೆಳತಿಯರು ಎಲ್ಲರೂ ಹಿಡಿದು ಹಿಡಿದು ಹಣ್ಣಾಗಿಸಿದ್ದ ಅರುಂಧತಿ, ಕೈಬಿಟ್ಟನೆಂಬ ಕಾರಣಕ್ಕೇ ಈ ಗಂಡಸಿಗೆ ಮನಸ್ಸು ಕೊಟ್ಟಳು.

ಮುಂದಿನ ಒಂದು ವರ್ಷ ಆ ತಿರುವಿನದೇ ಕಥೆ. ಡೊನೇಷನ್ ಕೇಳಲು ಹೋದಲ್ಲಿ ಅದೇ, ಹೊಸ ವಾಲಂಟಿಯರುಗಳಿಗೆ ಅದೇ, ಹೆದರಿ ಕುಳಿತವರಿಗೂ ಅದೇ. ಡ್ಯಾಂಡಿನಾಂಗ್‌ನ ಇಂದಿರಮ್ಮನಿಗೆ ಸ್ಟ್ರೋಕ್ ಆಗಿ ಬಲಭಾಗ ಸೋತಿತ್ತು. ಮಗ ಕರೆತಂದರೂ ಅವರು ಜೆಟ್ಟಿಯ ಬೆಂಚು ಬಿಟ್ಟು ಏಳುತ್ತಿರಲಿಲ್ಲ. ಅರುಂಧತಿ ಪಕ್ಕಕ್ಕೆ ಕುರ್ಚಿ ತಂದು ನಿಲ್ಲಿಸಿಕೊಂಡು, "ಆಂಟಿ, ನನಗ ಇರೋದು ಒಂದ ಅರ್ಧ ಕೈ. ಆ ಡ್ರಮ್ ಹತ್ರ ನಾನ ತಿರುಗಿಸಿದೆ. ನಿಮಗ ಪೂರಾ ಒಂದು ಕೈ ಐತಿ," ಎಂದಳು. ಮಾತು ನಾಟಿತು. ಚಳಿಗಾಲ ಬರುವಷ್ಟರಲ್ಲಿ ಇಂದಿರಮ್ಮ ಗಂಟೆ ಬಾರಿಸಿದರು. ಅರುಂಧತಿಯ ಹೆಸರಿನ ಕೆಳಗೆ ಹಲಗೆ ತುಂಬುತ್ತ ಹೋಯಿತು.

ಎರಡು ಸಾವಿರದ ಏಳರ ಮಾರ್ಚಿನಲ್ಲಿ ಸಿಡ್ನಿಯಲ್ಲೊಂದು ರೇಸು. ಒಬ್ಬರೇ ಓಡಿಸುವವರ ವಿಭಾಗದಲ್ಲಿ ಅರುಂಧತಿ ಹೆಸರು ಕೊಟ್ಟಳು. ಲಿಡ್ವಿನ್ ಟ್ರೇಲರಿಗೆ ದೋಣಿ ಕಟ್ಟಿಕೊಂಡು ರಸ್ತೆಯಲ್ಲಿ ಹೋದ, ತಾಯಿ ಮಗಳು ವಿಮಾನದಲ್ಲಿ ಹೋದರು.

ರೇಸಿನ ಹಿಂದಿನ ಸಂಜೆ, ಫೆರಿ ಘಟ್ಟದಲ್ಲಿ, ದ್ಯಾಮವ್ವ ಬೇಕೆಂದೇ ದೂರದ ಬೆಂಚಿನಲ್ಲಿ ಕುಳಿತಳು. ನೀರು ತಾಮ್ರದ ಬಣ್ಣಕ್ಕೆ ತಿರುಗಿತ್ತು. ಲಿಡ್ವಿನ್ ಅರುಂಧತಿಯ ಕುರ್ಚಿಯ ಎದುರು ಮೊಣಕಾಲೂರಿದ. ನೋಡಿದವರಿಗೆ ಅವನು ಚಕ್ರಕ್ಕೆ ಗಾಳಿ ಹೊಡೆಯುತ್ತಿದ್ದಾನೆ ಎನಿಸಬೇಕು, ಹಾಗೆ.

"ಅರು, ನನಗೆ ಒಂದು ಕೇಳ್ಲಿಕ್ಕುಂಟು."

"ಮುಟ್ಬಹುದಾ ಅಂತನಾ?"

"ಅದೇ. ಆದರೆ ಜೀವಮಾನಕ್ಕೆ."

ಅವಳಿಗೆ ಉತ್ತರ ಗೊತ್ತಿತ್ತು. ಗೊತ್ತಿದ್ದ ಉತ್ತರವನ್ನು ಕೂಡಲೇ ಕೊಟ್ಟರೆ ರಾಣೆಬೆನ್ನೂರಿನ ಹುಡುಗಿಯ ಗತ್ತು ಏನಾಗಬೇಕು?

"ನಾಳಿ ರೇಸ್ ಮುಗಿಸಿ ಬಂದು ಹೇಳ್ತೀನಿ. ನಮ್ಮವ್ವನ್ನ ಒಪ್ಪಿಸಬೇಕಲ್ಲ, ಮೀನ ತಿನ್ನೋ ಅಳಿಯಾಗ."

"ನಿಮ್ಮವ್ವ ಮೊನ್ನೆ ನನ್ನ ಹತ್ರ ಬಂಗುಡೆಗೆ ಎಷ್ಟು ಮುಳ್ಳು ಅಂತ ಕೇಳಿದ್ರು. ಒಪ್ಪಿ ಆಗಿದೆ."

ಅರುಂಧತಿ ನಕ್ಕಳು. ಆಮೇಲೆ ನಗು ನಿಲ್ಲಿಸಿ, ಬಲಗೈಯನ್ನು ಕಷ್ಟಪಟ್ಟು ಎತ್ತಿ ಅವನ ಭುಜದ ಮೇಲಿಟ್ಟಳು. "ಯಾಕ ನೀವ ಅಂತ ಗೊತ್ತೈತೇನ್ರಿ? ಎಲ್ಲಾರೂ ನನ್ನ ಹಿಡಕೊಂಡ್ರು. ನೀವೊಬ್ರ ಬಿಟ್ರಿ. ಆವತ್ತ ಜೇಬಿನ್ಯಾಗ ಕೈ ಇಟ್ಕೊಂಡು ನಿಂತಿದ್ರಲ್ಲ, ಆವತ್ತ ನನ್ನ ಮನಸ ನಿಮ್ಮ ಕಡೆ ಹೋತು."

ಲಿಡ್ವಿನ್ ಏನೋ ಹೇಳಲು ಬಾಯಿ ತೆರೆದು ಮುಚ್ಚಿದ. ಪ್ರೀತಿ ಹೆಚ್ಚಾಗಿ ಮಾತು ಕಟ್ಟಿತು ಎಂದು ಅವಳು ತಿಳಿದಳು. ಪಾಪ, ಹುಡುಗಿ.

ಮರುದಿನ ಬೆಳಿಗ್ಗೆ ದೋಣಿಗಳ ತಪಾಸಣೆ. ತಪಾಸಣೆಗೆ ಬಂದ ರೋಶೆಲ್ ಮಂಗಳೂರಿನವಳು, ಸಿಡ್ನಿಗೆ ಬಂದು ನೆಲೆಸಿದವಳು, ಬಾಯಿತುಂಬ ನಗು. ಕನ್ನಡದವರೆಂದು ತಿಳಿದ ಮೇಲಂತೂ ಹಿಡಿಯುವವರೇ ಇಲ್ಲ. ಹರಟುತ್ತಲೇ ಸೀಟಿನಡಿಯ ಮುಚ್ಚಳ ತೆಗೆದಳು.

"ಅರೇ, ಇದರಲ್ಲಿ ರಿಮೋಟಿನ ಬಾಕ್ಸ್ ಉಂಟಲ್ಲಾ! ಸೋಲೋ ರೇಸಿಗೆ ಇದು ಅಲೌ ಇಲ್ಲ ಆಯ್ತಾ, ತೆಗೀಬೇಕು."

"ಯಾವ ಬಾಕ್ಸ್?" ಎಂದಳು ಅರುಂಧತಿ.

"ಇದೇ, ಕಪ್ಪು ಡಬ್ಬಿ. ದಡದಲ್ಲಿ ನಿಂತು ರಿಮೋಟ್ ಒತ್ತಿದ್ರೆ ದೋಣಿ ತಿರುಗ್ತದೆ. ಹೊಸಬರಿಗೆ ಕಲಿಸ್ಲಿಕ್ಕೆ ಒಳ್ಳೇದು. ರಿಮೋಟ್ ಯಾರ ಹತ್ರ ಉಂಟು? ಅದನ್ನೂ ಕೊಡಿ, ಸಂಜೆ ವಾಪಸ್ ಕೊಡ್ತೇನೆ."

ಲಿಡ್ವಿನ್‌ನ ಕೈ ಜಾಕೆಟ್ಟಿನ ಜೇಬಿನಿಂದ ಮೆಲ್ಲಗೆ ಹೊರಬಂತು. ಅಂಗೈಯಲ್ಲಿ ಒಂದು ಸಣ್ಣ ರಿಮೋಟ್, ಬಳಸಿ ಬಳಸಿ ಗುಂಡಿ ನುಣುಪಾದದ್ದು.

ರೋಶೆಲ್ ಅವನ ಮುಖ ನೋಡಿದಳು, ಅರುಂಧತಿಯ ಮುಖ ನೋಡಿದಳು. ರಿಮೋಟ್ ತೆಗೆದುಕೊಂಡು, ಪಕ್ಕದ ದೋಣಿಯಲ್ಲಿ ತುರ್ತು ಕೆಲಸ ಇದೆಯೆಂದು ಹೊರಟುಹೋದಳು.

"ಯಾವಾಗಿಂದ?" ಎಂದಳು ಅರುಂಧತಿ.

"ಮೊದಲಿಂದ."

"ಹಳದಿ ಡ್ರಮ್ಮು?"

"ಗಾಳಿ ತಿರುಗಿತ್ತು ಅರು. ನೀನು ಬಂಡೆ ಕಡೆ ಹೋಗ್ತಿದ್ದಿ. ನಾನು..."

"ಅದನ್ನ ಕೇಳ್ಲಿಲ್ಲ. ಆ ತಿರುವು ನಂದೋ, ನಿಮ್ಮದೋ?"

"ನನ್ನದು," ಎಂದ ಲಿಡ್ವಿನ್.

ಅರುಂಧತಿಗೆ ಆಸ್ಪತ್ರೆಯಲ್ಲಿ ಡಾಕ್ಟರು ಇನ್ನು ಕಾಲು ಬರುವುದಿಲ್ಲ ಎಂದ ದಿನ ಸಹ ಇಷ್ಟು ನೋವಾಗಿರಲಿಲ್ಲ. ಅಂದು ಹೋದದ್ದು ಅವಳದೇ ಆಗಿತ್ತು. ಇಂದು ಹೋದದ್ದು ಎಂದೂ ಅವಳದಾಗಿರಲೇ ಇಲ್ಲ. ಒಂದು ವರ್ಷ ತಾನು ಬೇರೆಯವರ ಬೆರಳಿನ ಗುಣಗಾನ ಮಾಡಿಕೊಂಡು ತಿರುಗಿದೆ ಎಂದು ನೆನೆದು ನಾಚಿಕೆಯಿಂದ ಕಿವಿ ಸುಟ್ಟವು.

"ಎಲ್ಲಾರ ದೋಣ್ಯಾಗೂ ಐತೇನು ಇದು? ಇಂದಿರಮ್ಮ ಆಂಟಿದು?"

"ಇಲ್ಲ. ಅವರದ್ದೆಲ್ಲ ನಿಜವಾಗಿ ಒಬ್ಬರೇ. ನಿನ್ನದರಲ್ಲಿ ಮಾತ್ರ."

"ನನ್ನ ಮ್ಯಾಲ ಮಾತ್ರ ಯಾಕ ಇಷ್ಟು ದಯಾ?"

"ಉಳಿದವರ ಮೇಲೆ ನನಗೆ ಪ್ರೀತಿ ಇಲ್ಲ ಮಾರಾಯ್ತಿ!" ಅವನ ದನಿ ಒಡೆಯಿತು. "ಅವರು ಹೋದ್ರೆ ನನಗೆ ಹೆದರಿಕೆ ಆಗುದಿಲ್ಲ. ನೀನು ಹೋದ್ರೆ ಕೈ ರಿಮೋಟಿಗೇ ಹೋಗ್ತದೆ. ತೆಗೀಬೇಕು ತೆಗೀಬೇಕು ಅಂತ ಪ್ರತಿ ಶನಿವಾರ ಅಂದ್ಕೊಳ್ತೇನೆ, ಆಗುದಿಲ್ಲ. ನಿನ್ನೆ ಹೇಳ್ಲಿಕ್ಕೆ ಹೊರಟೆ..."

"ಹೇಳ್ಲಿಲ್ಲ."

"ಹೇಳ್ಲಿಲ್ಲ."

"ಪ್ರೀತಿ ಇಲ್ಲದವರನ್ನ ನಂಬಿದ್ರಿ. ಪ್ರೀತಿ ಮಾಡಿದಾಕಿನ್ನ ನಂಬಲಿಲ್ಲ." ಅವಳು ಅಳಲಿಲ್ಲ. "ಒಂದ ಕೂದಲ ಮುಟ್ಟಾಕ ನೂರ ಸಲ ಕೇಳಿದ್ರಿ ಲಿಡ್ವಿನ್. ನನ್ನ ದೋಣಿ ಮುಟ್ಟಾಕ ಒಂದ ಸಲ ಕೇಳ್ಲಿಲ್ಲ."

ಆ ದಿನ ಸಿಡ್ನಿಯ ನೀರಿನಲ್ಲಿ ಬಿಳಿಯ ಹಾಯಿಗಳು ಹೊರಟವು, ಅವಳದೊಂದು ಬಿಟ್ಟು. ಯಾವ ತಿರುವು ತನ್ನದು, ಯಾವುದು ಅವನದು ಎಂದು ತಿಳಿಯದವಳು ಯಾವ ಧೈರ್ಯದಲ್ಲಿ ಹೊರಡಬೇಕು? ನಿನ್ನೆಯ ಪ್ರಶ್ನೆಗೆ ಅವನು ಉತ್ತರ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಮೆಲ್ಬರ್ನಿಗೆ ಮರಳುವ ವಿಮಾನದಲ್ಲಿ ದ್ಯಾಮವ್ವ ಮಗಳ ಮಡಿಲಿನ ಹೊದಿಕೆ ಸರಿಮಾಡಿ, "ಬಿಡವ್ವ, ಜೀವಾ ಉಳಿಸ್ಯಾನ. ನಾನಾಗಿದ್ರೂ ಹಂಗ ಮಾಡ್ತಿದ್ದೆ," ಎಂದಳು.

"ನೀ ಮಾಡ್ತಿ ಅಂತ ಗೊತ್ತೈತಿ. ಅದಕ್ಕ ನಿನ್ನ ಜೆಟ್ಟಿ ಮ್ಯಾಲ ಕುಂದ್ರಸ್ತಿದ್ದೆ."

ದ್ಯಾಮವ್ವ ಸರಿಮಾಡಿದ ಹೊದಿಕೆಯನ್ನೇ ಮತ್ತೆ ಸರಿಮಾಡಿದಳು.

ಆ ವಾರ ಅರುಂಧತಿ ತಿಂಡಿ ಬಿಟ್ಟಳು, ಫೋನು ಬಿಟ್ಟಳು. ಆದರೆ ಶನಿವಾರ ಬಿಡುವ ಹಾಗಿರಲಿಲ್ಲ. ಡ್ಯಾಂಡಿನಾಂಗ್‌ನಿಂದ ಬಸ್ಸು ಬರುತ್ತಿತ್ತು, ಜನ ಕಾಯುತ್ತಿದ್ದರು. ದೋಣಿ ಇಳಿಸುವ ಮುನ್ನ ಎಲ್ಲರನ್ನೂ ಕ್ಲಬ್ಬಿನೊಳಗೆ ಕರೆದಳು. ನಡೆದದ್ದನ್ನು ಇಂಗ್ಲಿಷಿನಲ್ಲಿ ಹೇಳಿದಳು, ಯಾರ ಹೆಸರನ್ನೂ ಎತ್ತದೆ. ಗೋಡೆಯ ಹಲಗೆಯಿಂದ ತನ್ನ ಹೆಸರು ಕೀಳಲು ಸೇಫ್ಟಿ ಬೋಟ್ ಓಡಿಸುವ ಗ್ರೇಮ್‌ಗೆ ಹೇಳಿದಳು. ಅವನು ಸ್ಕ್ರೂ ಬಿಚ್ಚಿದ. ಎಲ್ಲಕ್ಕಿಂತ ಮೇಲಿನ ಜಾಗ ಖಾಲಿಯಾಯಿತು.

ಇಂದಿರಮ್ಮ ಕೋಲೂರಿಕೊಂಡು ಹತ್ತಿರ ಬಂದರು. "ನಾನು ಹೋಗ್ಬಂದಿದ್ದು ನಿಜ ತಾನೆ?"

"ನಿಜ ಆಂಟಿ. ನಿಮ್ಮದು ಪೂರಾ ನಿಜ. ನಾ ಹೇಳಿದ್ದ ಸುಳ್ಳು. ನನ್ನ ಕ್ಷಮಿಸ್ರಿ."

"ಸುಳ್ಳು ನಂಬ್ಕೊಂಡು ನಾನು ನಿಜ ಮಾಡ್ಬಿಟ್ನಲ್ಲಮ್ಮ!" ಇಂದಿರಮ್ಮನಿಗೆ ಅದೇ ಒಂದು ಹೆಮ್ಮೆ. "ನನಗೆ ಆಯ್ತು ಅಂದ್ಮೇಲೆ ನಿನಗೆ ಆಗಲ್ವಾ? ಅರ್ಧ ಕೈ ಇದೆ ಅಂತಿದ್ದೆ. ಎಲ್ಹೋಯ್ತು?"

ತನ್ನ ಮಾತೇ ತಿರುಗಿ ತನಗೆ ಬಂದು ತಾಗಿತು. ಅರುಂಧತಿ ಜೆಟ್ಟಿಗೆ ಹೋದಳು. ತನ್ನ ದೋಣಿಯ ಸೀಟಿನಡಿ ಗ್ರೇಮ್‌ನಿಂದ ನೋಡಿಸಿದಳು. ಕಪ್ಪು ಡಬ್ಬಿಯ ಜಾಗದಲ್ಲಿ ನಾಲ್ಕು ತೂತು ಮಾತ್ರ ಇದ್ದವು.

ಜೆಟ್ಟಿಯ ಆಚೆ ತುದಿಯಲ್ಲಿ ಲಿಡ್ವಿನ್ ನಿಂತಿದ್ದ. ಕರೆಯದೆ ಬಂದಿದ್ದ, ಹತ್ತಿರ ಬರುವ ಧೈರ್ಯವಿಲ್ಲದೆ ಅಲ್ಲೇ ಉಳಿದಿದ್ದ.

"ಕೈ ಜೇಬಿನಿಂದ ಹೊರಗ ಇಡ್ರಿ," ಎಂದು ಅವಳು ಅಲ್ಲಿಂದಲೇ ಕೂಗಿದಳು. "ನನಗ ಕಾಣಬೇಕು."

ಅವನು ಎರಡೂ ಕೈ ಹೊರತೆಗೆದ.

ಅವಳ ಕುತ್ತಿಗೆಯಲ್ಲೊಂದು ಸೀಟಿ ನೇತಾಡುತ್ತಿತ್ತು. ಅದನ್ನು ಊದಿದರೆ ಮಾತ್ರ ಸೇಫ್ಟಿ ಬೋಟ್ ಬರಬೇಕು ಎಂದು ಗ್ರೇಮ್‌ಗೆ ತಾಕೀತು ಮಾಡಿ ಹೊರಟಳು.

ಡ್ರಮ್ಮಿನವರೆಗೆ ಸಲೀಸು. ಡ್ರಮ್ಮಿನ ಹತ್ತಿರ ತಿರುಗಲು ಕೋಲು ತಳ್ಳಿದಳು. ದೋಣಿ ಅರ್ಧ ತಿರುಗಿ, ಗಾಳಿಗೆ ನೇರ ಎದುರಾಗಿ, ನಿಂತೇಬಿಟ್ಟಿತು. ಹಾಯಿ ಪಟಪಟ ಬಡಿಯತೊಡಗಿತು. ನುಣ್ಣನೆಯ ತಿರುವಿಲ್ಲ, ಎಣ್ಣೆ ಸವರಿದಂತಿಲ್ಲ. ಮತ್ತೆ ತಳ್ಳಿದಳು, ಬೆರಳು ಜಾರಿತು. ಅಲೆ ಹಾರಿ ಮುಖಕ್ಕೆ ಬಿತ್ತು. ಕೂದಲು ಕಣ್ಣಿಗೆ ಅಂಟಿತು, ಸರಿಸಲು ಕೈಯಿಲ್ಲ.

ದಡದ ಕಡೆ ನೋಡಿದಳು. ದ್ಯಾಮವ್ವ ಎದ್ದು ನಿಂತಿದ್ದಳು. ಲಿಡ್ವಿನ್ ಜೆಟ್ಟಿಯ ಕಂಬವನ್ನು ಎರಡೂ ಕೈಯಿಂದ ತಬ್ಬಿ ಹಿಡಿದುಕೊಂಡಿದ್ದ, ಬಿಟ್ಟರೆ ನೀರಿಗೆ ಹಾರಿಯಾನು ಎಂಬಂತೆ. ಹಾರಲಿಲ್ಲ. ಕೂಗಲೂ ಇಲ್ಲ. ಸೀಟಿ ಅವಳ ತುಟಿಯ ಹತ್ತಿರವೇ ಇತ್ತು, ಅವಳು ಊದಲಿಲ್ಲ.

ಹೀಗೆ ಸಿಕ್ಕಿಕೊಂಡಾಗ ಏನು ಮಾಡಬೇಕೆಂದು ಅವಳು ಎಷ್ಟೋ ಜನಕ್ಕೆ ಕಲಿಸಿದ್ದಳು, ತಾನು ಮಾತ್ರ ಎಂದೂ ಮಾಡಿರಲಿಲ್ಲ. ಮಾಡುವ ಸಂದರ್ಭ ಬರದಂತೆ ಯಾರೋ ನೋಡಿಕೊಂಡಿದ್ದರಲ್ಲ. ಮುಂದೆ ಹೋಗುವ ಹಟ ಬಿಡಬೇಕು, ಗಾಳಿ ದೋಣಿಯನ್ನು ಹಿಂದಕ್ಕೆ ತಳ್ಳಲು ಬಿಡಬೇಕು, ಹಿಂದೆ ಸರಿಯುತ್ತಿರುವಾಗ ಕೋಲನ್ನು ತಿರುವುಮುರುವು ತಳ್ಳಬೇಕು. ಅರುಂಧತಿ ಬಿಟ್ಟಳು. ದೋಣಿ ಬಂಡೆಗಳ ಕಡೆಗೇ ಹಿಂದೆ ಹಿಂದೆ ಹೋಯಿತು. ಅಂಗೈಯನ್ನು ಪೂರಾ ರಬ್ಬರ್ ಚೆಂಡಿಗೆ ಒತ್ತಿ, ಭುಜದಿಂದ ತಳ್ಳಿದಳು. ಮೂತಿ ಓರೆಯಾಯಿತು, ಹಾಯಿಗೆ ಗಾಳಿ ತುಂಬಿತು, ದೋಣಿ ಒಮ್ಮೆ ಮುಗ್ಗರಿಸಿ ಮುಂದಕ್ಕೆ ನುಗ್ಗಿತು. ಅಂಥ ಕೆಟ್ಟ ತಿರುವನ್ನು ಆ ಕೊಲ್ಲಿ ಕಂಡಿರಲಿಕ್ಕಿಲ್ಲ. ಆದರೆ ಅದು ಅವಳದು.

ಜೆಟ್ಟಿಗೆ ಬಂದಾಗ ಗಂಟೆಯನ್ನು ಇಂದಿರಮ್ಮನೇ ಬಾರಿಸಿಬಿಟ್ಟಿದ್ದರು. ಕ್ರೇನು ಅವಳನ್ನೆತ್ತಿ ಕುರ್ಚಿಯಲ್ಲಿ ಕೂರಿಸಿತು. ಲಿಡ್ವಿನ್ ಎದುರಿಗೆ ಬಂದು ನಿಂತ. ಅಂಗೈಗಳಲ್ಲಿ ಕಂಬದ ಚಕ್ಕೆ ಚುಚ್ಚಿ ರಕ್ತ ಜಿನುಗುತ್ತಿತ್ತು.

"ನೀವು ಬರ್ಲಿಲ್ಲ," ಎಂದಳು ಅವಳು.

"ಇಲ್ಲ."

"ಹೆದರಿಕಿ ಆತೇನು?"

"ಸತ್ತೇ ಹೋದೆ ಮಾರಾಯ್ತಿ."

"ನನ್ನ ಜೋಡಿ ಇರಬೇಕಂದ್ರ ಪ್ರತಿ ಶನಿವಾರ ಹಿಂಗ ಸಾಯಬೇಕಾಗ್ತದ."

"ಸಾಯ್ತೇನೆ."

"ಹಂಗಂತ ನಾ ಕ್ಷಮಿಸೀನಿ ಅಂತ ತಿಳ್ಕೋಬ್ಯಾಡ್ರಿ. ಇನ್ನೂ ನೋಯ್ತೈತಿ. ಭಾಳ ದಿನಾ ನೋಯ್ತೈತಿ."

ಅವನು ತಲೆಯಾಡಿಸಿದ. ಒದ್ದೆ ಕೂದಲು ಇನ್ನೂ ಅವಳ ಕಣ್ಣಿನ ಮೇಲೆ ಅಂಟಿಕೊಂಡಿತ್ತು. ಅವನ ಕೈ ಅರ್ಧ ಎದ್ದು, ಗಾಳಿಯಲ್ಲಿ ನಿಂತಿತು. ಹುಬ್ಬಿನಲ್ಲಿ ಕೇಳಲಿಲ್ಲ, ಈ ಸಲ ಬಾಯಿಬಿಟ್ಟು ಕೇಳಿದ. "ಮುಟ್ಬಹುದಾ?"

ಅರುಂಧತಿ ಆ ರಕ್ತದ ಅಂಗೈಯನ್ನು ನೋಡಿದಳು. ಮನಸ್ಸು ಹೂಂ ಎನ್ನಲು ಹೊರಟಿತ್ತು, ತಡೆದಳು.

"ಇವತ್ತ ಬ್ಯಾಡ," ಎಂದಳು. ದ್ಯಾಮವ್ವನನ್ನು ಕರೆದು ಕೂದಲು ಸರಿಸಲು ಹೇಳಿದಳು. ಕುರ್ಚಿ ತಿರುಗಿಸಿ ಕ್ಲಬ್ಬಿನ ಕಡೆ ಸ್ವಲ್ಪ ದೂರ ಹೋಗಿ ನಿಂತಳು.

"ಮುಂದಿನ ಶನಿವಾರ ಕೇಳ್ರಿ."